ಸ್ತ್ರೀಯರ ತಿರುಗಾಟವೂ ಗೃಹಸ್ಥರ ಆಕ್ಷೇಪಣೆಯೂ

ಹೊತ್ತು ಇಳಿದ ಮೇಲೆ ಮಧುಗಿರಿಯಲ್ಲಿಯೋ ಶಿರಾದಲ್ಲಿಯೋ ಪೇಟೆಯ ಬೀದಿಯಲ್ಲಿ ಒಮ್ಮೆ ನಡೆದು ನೋಡಿದರೆ, ಚಹಾದಂಗಡಿಯ ಬೆಂಚು, ಅರಳಿಯ ಕಟ್ಟೆ, ಬಸ್ಸು ನಿಲ್ದಾಣದ ಜಗಲಿ ಎಲ್ಲವೂ ಪುರುಷರಿಂದ ತುಂಬಿರುವುದು ಕಾಣುತ್ತದೆ. ಅವರು ಏಕೆ ಬಂದರೆಂದು ಕೇಳುವವರಿಲ್ಲ. ಎಷ್ಟು ಹೊತ್ತಿಗೆ ಹಿಂದಿರುಗುವರೆಂದು ಲೆಕ್ಕವಿಡುವವರೂ ಇಲ್ಲ. ಅದೇ ಬೀದಿಯಲ್ಲಿ ಸ್ತ್ರೀಯೊಬ್ಬಳು ಕಂಡುಬಂದರೆ, ಅವಳ ಕೈಯಲ್ಲಿ ತರಕಾರಿಯ ಚೀಲವೋ, ಔಷಧದ ಚೀಟಿಯೋ, ಹಣ್ಣುಕಾಯಿಯ ಬುಟ್ಟಿಯೋ ಇರಲೇಬೇಕು. ಪುರುಷನು ಹೊರಗೆ ಬರಲು ಮನಸ್ಸು ಸಾಕು; ಸ್ತ್ರೀಗೆ ಕಾರಣ ಬೇಕು. ಇದನ್ನು ಯಾರೂ ಬರೆದಿಟ್ಟಿಲ್ಲ. ಆದರೂ ಬರೆದಿಟ್ಟ ಕಾನೂನಿಗಿಂತ ಹೆಚ್ಚಿನ ನಿಷ್ಠೆಯಿಂದ ಪಾಲಿಸಲಾಗುತ್ತಿದೆ.

ಈಚಿನ ವರ್ಷಗಳಲ್ಲಿ ವಿದ್ಯಾವಂತರ ಮನೆಗಳಲ್ಲಿ ಎರಡು ಆಕ್ಷೇಪಣೆಗಳು ಬಹಳವಾಗಿ ಕೇಳಿಬರುತ್ತಿವೆ. 2023ನೆಯ ಇಸವಿ ಜೂನ್ 11ರಂದು ಕರ್ಣಾಟಕ ಸರ್ಕಾರವು ಶಕ್ತಿ ಯೋಜನೆಯನ್ನು ಆರಂಭಿಸಿ, ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಸ್ತ್ರೀಯರಿಗೆ ಉಚಿತ ಪ್ರಯಾಣವನ್ನು ಕಲ್ಪಿಸಿದಂದಿನಿಂದ, ಹೆಂಗಸರು ದೇವರ ನೆಪದಲ್ಲಿ ಊರೂರು ಸುತ್ತುತ್ತಿದ್ದಾರೆಂಬುದು ಮೊದಲನೆಯದು. ಮನೆಯ ಹೆಣ್ಣುಮಕ್ಕಳು ಮುಖ ಕಾಣದ, ಕುಲಗೋತ್ರ ತಿಳಿಯದ ಜನರೊಡನೆ ಮೊಬೈಲಿನಲ್ಲಿ ಸ್ನೇಹ ಬೆಳೆಸುತ್ತಿದ್ದಾರೆಂಬುದು ಎರಡನೆಯದು. ವಿಚಿತ್ರವೇನೆಂದರೆ, ಎರಡೂ ಬಹುಮಟ್ಟಿಗೆ ಒಂದೇ ಬಾಯಿಂದ ಹೊರಡುತ್ತವೆ. ಹೊರಗೆ ಹೋದರೆ ತಿರುಗುವುದೇಕೆಂಬ ಪ್ರಶ್ನೆ; ಒಳಗೆ ಕುಳಿತರೆ ಮೊಬೈಲು ಹಿಡಿಯುವುದೇಕೆಂಬ ಪ್ರಶ್ನೆ. ಎರಡನ್ನೂ ಕೂಡಿಸಿ ನೋಡಿದರೆ ಉಳಿಯುವ ಅರ್ಥ ಒಂದೇ: ಅಡಿಗೆ, ಮನೆವಾರ್ತೆ, ಪಾಠ, ನೌಕರಿ ಇವುಗಳ ಹೊರತಾಗಿ ಸ್ತ್ರೀಗೆ ತನ್ನದೆನ್ನುವ ಹೊತ್ತು ಇರಬಾರದು.

ಮೊದಲನೆಯ ಆಕ್ಷೇಪಣೆಯನ್ನು ವಿಚಾರಿಸೋಣ. ಸ್ತ್ರೀಯರು ಅತಿಯಾಗಿ ತಿರುಗುತ್ತಿದ್ದಾರೆಂಬುದು ನಿಜವೆ? 2019ರಲ್ಲಿ ಕೇಂದ್ರ ಸರ್ಕಾರವು ದೇಶದ ಜನರು ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂಬುದನ್ನು ಕುರಿತು ಸಮೀಕ್ಷೆ ನಡೆಸಿತು. ಪಟ್ಟಣವಾಸಿಗಳ ಅಂಕಿಗಳನ್ನು ಪರಿಶೀಲಿಸಿದಾಗ, ಲೆಕ್ಕಕ್ಕೆ ಹಿಡಿದ ದಿನದಂದು 100 ಪುರುಷರಲ್ಲಿ 87 ಮಂದಿ ಒಮ್ಮೆಯಾದರೂ ಮನೆಯಿಂದ ಹೊರಬಿದ್ದಿದ್ದರೆ, 100 ಸ್ತ್ರೀಯರಲ್ಲಿ ಹೊರಬಿದ್ದವರು 47 ಮಂದಿ ಮಾತ್ರ. ಅರ್ಧಕ್ಕಿಂತ ಹೆಚ್ಚು ಸ್ತ್ರೀಯರು ಇಡೀ ದಿನ ಹೊಸ್ತಿಲು ದಾಟದ ದೇಶದಲ್ಲಿ ಅವರ ತಿರುಗಾಟವು ಮಿತಿಮೀರಿತೆಂದು ಮರುಗುವುದು, ಬರದ ಸೀಮೆಯಲ್ಲಿ ಕುಳಿತು ಅತಿವೃಷ್ಟಿಯನ್ನು ಕುರಿತು ಚಿಂತಿಸಿದಂತೆ. ಬರವೆಂದರೇನೆಂಬುದನ್ನು ಪಾವಗಡದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ದೇವರ ನೆಪವೆಂದು ಹಾಸ್ಯಮಾಡುವ ಮಹನೀಯರು ಒಂದನ್ನು ಯೋಚಿಸಬೇಕು. ದೇವರ ಹೆಸರು ಹೇಳಿದರೆ ಮಾತ್ರ ಬಾಗಿಲು ತೆರೆಯುವ ಮನೆಯಲ್ಲಿ, ಹೊರಡುವವಳು ದೇವರ ಹೆಸರನ್ನಲ್ಲದೆ ಮತ್ತಾವುದನ್ನು ಹೇಳಬೇಕು? ದಂಡಿನ ಮಾರಮ್ಮನ ಜಾತ್ರೆಗೋ ಗೊರವನಹಳ್ಳಿಯ ಲಕ್ಷ್ಮಿಯ ದರ್ಶನಕ್ಕೋ ಹೊರಟವಳಿಗೆ ಭಕ್ತಿಯೂ ಇರಬಹುದು, ಗೆಳತಿಯೊಡನೆ ಎರಡು ಗಂಟೆ ಮಾತನಾಡುವ ಆಸೆಯೂ ಇರಬಹುದು. ಎರಡನೆಯದನ್ನು ಬಾಯಿಬಿಟ್ಟು ಹೇಳಲಾಗದಂತೆ ಮಾಡಿದವರೇ ಅವಳನ್ನು ನೆಪಗಾರ್ತಿಯೆಂದು ಕರೆಯುವುದು ನ್ಯಾಯವಲ್ಲ.

ಬಸ್ಸುಗಳಲ್ಲಿ ನೂಕುನುಗ್ಗಲು ಹೆಚ್ಚಿತೆಂಬುದೂ, ಶಾಲೆಯ ಮಕ್ಕಳು ನಿಲ್ದಾಣದಲ್ಲಿಯೇ ಉಳಿಯುತ್ತಾರೆಂಬುದೂ ತಳ್ಳಿಹಾಕತಕ್ಕ ಮಾತುಗಳಲ್ಲ. ಆದರೆ ಅದಕ್ಕೆ ಸ್ತ್ರೀಯರ ಉಚಿತ ಟಿಕೇಟೇ ಮೂಲಕಾರಣವೆಂಬುದು ಈ ಸೀಮೆಯ ಅನುಭವಕ್ಕೆ ವಿರುದ್ಧವಾದುದು. 2022ರ ಮಾರ್ಚ್ 19ರಂದು ವೈ. ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಬರುತ್ತಿದ್ದ, ಜನರಿಂದ ಕಿಕ್ಕಿರಿದ ಖಾಸಗಿ ಬಸ್ಸು ಪಳವಳ್ಳಿಯ ಬಳಿ ಉರುಳಿತು. ಸತ್ತವರಲ್ಲಿ ಕಾಲೇಜಿಗೆ ಹೊರಟಿದ್ದ ವಿದ್ಯಾರ್ಥಿಗಳಿದ್ದರು. ಆಗ ಶಕ್ತಿ ಯೋಜನೆಯು ಹುಟ್ಟಿಯೇ ಇರಲಿಲ್ಲ. ಆ ದಿನದ ನೂಕುನುಗ್ಗಲನ್ನು ಯಾವ ಹೆಂಗಸಿನ ಪುಣ್ಯಯಾತ್ರೆಯೂ ಉಂಟುಮಾಡಿದ್ದಲ್ಲ. ಬಸ್ಸುಗಳ ಅಭಾವವು ಉಂಟುಮಾಡಿತು. ಊಟಕ್ಕೆ ಬಂದವರು ಹೆಚ್ಚಾದರೆ ಅಕ್ಕಿಯನ್ನು ಹೆಚ್ಚಿಸುವುದು ಗೃಹಸ್ಥಧರ್ಮ. ಪಂಕ್ತಿಯಿಂದ ಹೆಂಗಸರನ್ನು ಎಬ್ಬಿಸುವುದಲ್ಲ. ಬಸ್ಸು ಸಾಲದೆಂದು ಅರ್ಜಿ ಬರೆಯಲು ಸಮರ್ಥರಾದ ವಿದ್ಯಾವಂತರು, ಸೀಟು ಸಿಕ್ಕಲಿಲ್ಲವೆಂದು ಪಕ್ಕದಲ್ಲಿ ನಿಂತ ಕೂಲಿಯಾಳಿನ ಹೆಂಡತಿಯನ್ನು ಗದರಿಸುವುದು ಅವರ ವಿದ್ಯೆಗೆ ಶೋಭಿಸದು.

ಇನ್ನು ಎರಡನೆಯ ಆಕ್ಷೇಪಣೆ. ಮುಖ ಕಾಣದವರೊಡನೆ ಸ್ನೇಹವು ಹೊಸದೆ? ನಂಜನಗೂಡು ತಿರುಮಲಾಂಬಾ ಅವರು 14ನೆಯ ವಯಸ್ಸಿಗೇ ವೈಧವ್ಯಕ್ಕೆ ಗುರಿಯಾದವರು. ಮನೆಯಲ್ಲಿ ಓದಿ ಬೆಳೆದ ಆ ಮಹಿಳೆ 1913ರಲ್ಲಿ ಸತೀಹಿತೈಷಿಣೀ ಗ್ರಂಥಮಾಲೆಯನ್ನು ಆರಂಭಿಸಿ, ಮುಂದೆ ಕರ್ನಾಟಕ ನಂದಿನಿಯೆಂಬ ಮಾಸಪತ್ರಿಕೆಯನ್ನು ನಡೆಸಿದರು. ಆ ಹಾಳೆಗಳನ್ನು ತಮ್ಮ ತಮ್ಮ ಮನೆಗಳಲ್ಲಿ ಕುಳಿತು ಓದಿದ ಸ್ತ್ರೀಯರೆಲ್ಲರೂ ಸಂಪಾದಕಿಯ ಮುಖವನ್ನು ಕಂಡವರಲ್ಲ. ಆದರೂ ತಮ್ಮ ದುಃಖವನ್ನು ಬಲ್ಲವಳೊಬ್ಬಳು ಎಲ್ಲಿಯೋ ಇದ್ದಾಳೆಂಬ ಧೈರ್ಯವನ್ನು ಕಾಗದವು ಹೊತ್ತು ತಂದಿತು. ಅಂದು ಅಂಚೆ ಮಾಡಿದ ಕೆಲಸವನ್ನು ಇಂದು ಮೊಬೈಲು ಮಾಡುತ್ತಿದೆ. ಕೊರಟಗೆರೆಯ ಹಳ್ಳಿಯಲ್ಲಿ ಕುಳಿತ ಸೊಸೆಗೆ ತನ್ನಂತೆಯೇ ಕಸೂತಿಯನ್ನೋ ಕಾದಂಬರಿಯನ್ನೋ ಮೆಚ್ಚುವ ಗೆಳತಿ ಧಾರವಾಡದಲ್ಲಿ ದೊರೆತರೆ, ಮನೆತನಕ್ಕೆ ಬಂದ ಕುಂದು ಯಾವುದು?

ಅಪಾಯವಿಲ್ಲವೆಂದು ಯಾರೂ ಹೇಳಲಾರರು. ಸುಳ್ಳು ಹೆಸರಿನವರು, ಭಾವಚಿತ್ರವನ್ನು ಕದ್ದು ಬೆದರಿಸುವವರು, ಹಣ ದೋಚುವವರು ಹೇರಳವಾಗಿದ್ದಾರೆ. ಆದರೆ ಬೆದರಿಸುವವನ ನಿಜವಾದ ಬಲವೆಲ್ಲಿದೆ? ಅವನ ಕೈಯಲ್ಲಿರುವ ಚಿತ್ರದಲ್ಲಲ್ಲ. ಮನೆಯವರಿಗೆ ತಿಳಿದೀತೆಂಬ ಹುಡುಗಿಯ ಭಯದಲ್ಲಿದೆ. ತಂದೆಗೆ ಹೇಳಬಹುದೆಂಬ ನಂಬಿಕೆಯಿರುವ ಮಗಳು ಮೊದಲನೆಯ ದಿನವೇ ಪೊಲೀಸಿನವರಿಗೆ ದೂರು ಕೊಟ್ಟಾಳು. ಹೇಳಿದರೆ ಓದು ನಿಂತೀತು, ಮದುವೆ ಗೊತ್ತಾದೀತು ಎಂದು ಹೆದರುವ ಮಗಳು ಕೊನೆಯ ಬಳೆಯವರೆಗೂ ಮಾರಿಯಾಳು. ಹೀಗಿರಲು ಮೊಬೈಲನ್ನು ಕಿತ್ತುಕೊಳ್ಳುವ ತಂದೆಯು ತಾನರಿಯದೆಯೇ ವಂಚಕನ ಕೆಲಸವನ್ನು ಸುಲಭಮಾಡಿಕೊಡುತ್ತಾನೆ.

ಈ ಭಯದ ಬೇರನ್ನು ಇನ್ನಷ್ಟು ಅಗೆದರೆ ಕಾಣಬರುವುದು ಬೇರೊಂದು ಸಂಗತಿ. ಆನ್‌ಲೈನಿನ ಗೆಳತಿ ಆನ್‌ಲೈನಿನಲ್ಲಿಯೇ ಇರುವವರೆಗೆ ಅವಳನ್ನು ಸಹಿಸುವ ಮನೆಗಳುಂಟು. ಅವಳು ಒಂದು ದಿನ ಬಸ್ಸಿಳಿದು ಬಾಗಿಲಲ್ಲಿ ನಿಂತಳೆನ್ನಿ. ನೀರು ಕೊಡುವ ಮೊದಲೇ ಊರು, ತಂದೆಯ ಹೆಸರು, ಯಾವ ಪೈಕಿ ಎಂಬ ವಿಚಾರಣೆ ಆರಂಭವಾಗುತ್ತದೆ. ಉತ್ತರವು ಹಿತವಾಗದಿದ್ದರೆ ಲೋಟವು ಬದಲಾಗುತ್ತದೆ, ಮಾತು ಜಗಲಿಯಲ್ಲಿಯೇ ಮುಗಿಯುತ್ತದೆ. ಎರಡು ವರ್ಷಗಳ ಕಾಲ ಹುಡುಗಿಯರಿಬ್ಬರು ಕೇಳದೆ ಬಿಟ್ಟಿದ್ದ ಪ್ರಶ್ನೆಯನ್ನು ಮನೆಯ ಯಜಮಾನರು ಎರಡು ನಿಮಿಷದಲ್ಲಿ ಕೇಳಿ ಮುಗಿಸುತ್ತಾರೆ. ಮುಖ ಕಾಣದ ಸ್ನೇಹವು ಅಪಾಯಕರವೆಂದು ಸಾರುವವರು, ಮುಖ ಕಂಡ ಸ್ನೇಹವನ್ನು ತಾವು ಹೇಗೆ ಸ್ವಾಗತಿಸಿದೆವೆಂಬುದನ್ನೂ ಹೇಳಬೇಕು. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಹುಣಸೆಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನು ಊರವರು ಕಾಪಾಡಿಕೊಂಡು ಬಂದಿದ್ದಾರೆ. ಹಕ್ಕಿಗೆ ದೊರೆತ ಮರ್ಯಾದೆಯು ಮಗಳ ಗೆಳತಿಗೆ ದೊರೆಯಬಾರದೆ?

ಹೆಣ್ಣುಮಕ್ಕಳು ಮೊಬೈಲಿನಿಂದ ತಲೆಯೆತ್ತಬೇಕೆಂದು ನಿಜವಾಗಿ ಬಯಸುವವರಿಗೆ ಉಪಾಯವು ದೂರವಿಲ್ಲ. ತಲೆಯೆತ್ತಿದರೆ ಕಾಣಲು ಈ ಸೀಮೆಯಲ್ಲಿ ಬೇಕಾದಷ್ಟಿದೆ. ಮಧುಗಿರಿಯ ಏಕಶಿಲೆಯ ಬೆಟ್ಟವಿದೆ, ನಿಡುಗಲ್ಲಿನ ದುರ್ಗವಿದೆ, ಸಿದ್ದರ ಬೆಟ್ಟದ ಗವಿಯಿದೆ; 1696ರಲ್ಲಿ ಕಟ್ಟಿದ ಶಿರಾದ ಜುಮ್ಮಾ ಮಸೀದಿಯಿದೆ; 2007ರಿಂದ ರಕ್ಷಿತಪ್ರದೇಶವಾಗಿರುವ ಮೈದನಹಳ್ಳಿಯ ಬಯಲಿನಲ್ಲಿ ಕೃಷ್ಣಮೃಗಗಳು ಹಿಂಡುಹಿಂಡಾಗಿ ಓಡಾಡುತ್ತವೆ. ಇವುಗಳ ನೆರೆಯಲ್ಲಿಯೇ ಹುಟ್ಟಿ, ಮದುವೆಯಾಗಿ, ಮುದುಕಿಯರಾದರೂ ಒಮ್ಮೆಯೂ ಬೆಟ್ಟವನ್ನು ಹತ್ತದವರು ಎಷ್ಟು ಮಂದಿ ಇದ್ದಾರೆಂಬುದನ್ನು ಪ್ರತಿಯೊಬ್ಬ ಗೃಹಸ್ಥನೂ ತನ್ನ ಮನೆಯಲ್ಲಿಯೇ ಎಣಿಸಿಕೊಳ್ಳಬಹುದು. ಮಗಳು ಗೆಳತಿಯೊಡನೆ ಹೋಗಿಬರುತ್ತೇನೆಂದು ಕೇಳಿದಾಗ, ಏಕೆ ಎಂಬ ಪ್ರಶ್ನೆಯನ್ನು ಒಂದು ಸಲ ನುಂಗಿಕೊಂಡು, ಯಾವ ಬಸ್ಸಿಗೆ ಎಂದಷ್ಟೇ ಕೇಳಲಿ. ಸಂಜೆ ಆ ಗೆಳತಿಯೂ ಮನೆಗೆ ಬಂದರೆ, ಮನೆಯವರ ಲೋಟದಲ್ಲಿಯೇ ಅವಳಿಗೆ ಕಾಫಿ ಕೊಡಲಿ.