ರಂಗಪರಿಕರಗಳ ನಕಲು: ಕಾನೂನಿದೆ, ಕಾಗದವಿಲ್ಲ

ಬಳ್ಳಾರಿಯ ಸಿದ್ಧ ಉಡುಪು ತಯಾರಕರಿಗೆ ನಕಲಿನ ಕಾಟವನ್ನು ವಿವರಿಸಿ ಹೇಳಬೇಕಾಗಿಲ್ಲ. ಒಂದು ಜೀನ್ಸ್ ಮಾದರಿ ಮಾರುಕಟ್ಟೆಯಲ್ಲಿ ಹಿಡಿಯಿತೆಂದರೆ ಅದರ ಹೊಲಿಗೆ, ಗುಂಡಿ, ಲೇಬಲ್‌ಗಳನ್ನೇ ಹೋಲುವ ಅಗ್ಗದ ಮಾಲು ಬೆನ್ನ ಹಿಂದೆಯೇ ಬರುತ್ತದೆ. ಆದರೆ ಲೇಬಲ್ ಉಳ್ಳವರಿಗೆ ಟ್ರೇಡ್‌ಮಾರ್ಕ್ ಕಾಯಿದೆಯ ಆಸರೆಯಿದೆ. ಲೇಬಲ್ ಹಾಗಿರಲಿ, ಬಿಲ್ ಪುಸ್ತಕವೂ ಇಲ್ಲದೆ ನಡೆಯುವ ಇನ್ನೊಂದು ಸಣ್ಣ ಕಸುಬು ಇದೇ ಸೀಮೆಯಲ್ಲಿದೆ. ಬಯಲಾಟಕ್ಕೂ ಪೌರಾಣಿಕ ನಾಟಕಕ್ಕೂ ಬೇಕಾದ ಕಿರೀಟ, ಭುಜಕೀರ್ತಿ, ಗದೆ, ಬಿಲ್ಲುಗಳನ್ನು ಮತ್ತು ಅವುಗಳ ಪ್ರತಿಕೃತಿಗಳನ್ನು ಕೈಯಿಂದ ಮಾಡುವವರ ಕಸುಬು ಅದು. ನಕಲಿನಿಂದ ಅದಕ್ಕೆ ಆಗುತ್ತಿರುವ ನಷ್ಟವನ್ನು ವರ್ತಕ ಸಮುದಾಯ ಇನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಈ ಕಸುಬಿಗೆ ಇಲ್ಲಿ ಬೇರಿದೆ. ಬಳ್ಳಾರಿ ರಾಘವ (1880–1946) ಅವರ ಊರಿನಲ್ಲಿ ರಂಗಭೂಮಿಯ ನೆನಪು ಇಂದಿಗೂ ರಾಘವ ಕಲಾಮಂದಿರದ ಹೆಸರಿನಲ್ಲಿ ನಿಂತಿದೆ. ಸಿರುಗುಪ್ಪ, ಕುರುಗೋಡು ತಾಲ್ಲೂಕುಗಳ ಹಳ್ಳಿಗಳಲ್ಲಿ ಬಯಲಾಟ ಇನ್ನೂ ಬಳಕೆಯಲ್ಲಿರುವ ಕಲೆ. ಅದರ ವೇಷಭೂಷಣಗಳು ಬಹುಪಾಲು ಬಾಡಿಗೆಗೆ ಬರುತ್ತವೆ. ಶಾಲಾ ವಾರ್ಷಿಕೋತ್ಸವ, ಮೆರವಣಿಗೆಗಳೂ ಅದೇ ಅಂಗಡಿಗಳನ್ನು ಆಶ್ರಯಿಸುತ್ತವೆ. ಇದರೊಂದಿಗೆ ನೆನಪಿನ ಕಾಣಿಕೆಗಳ ವ್ಯಾಪಾರವೂ ಸೇರಿದೆ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಗಿ ಹಂಪಿ ಆಡಳಿತದ ಮಟ್ಟಿಗೆ ಬಳ್ಳಾರಿಯಿಂದ ಬೇರೆಯಾದರೂ, ಸನ್ಮಾನ ಸಮಾರಂಭಗಳಲ್ಲಿ ಕಲ್ಲಿನ ರಥದ ಪುಟ್ಟ ಪ್ರತಿಕೃತಿಯ ಸ್ಥಾನ ಬದಲಾಗಿಲ್ಲ. 2017ರಿಂದ ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿಯೂ ಅದೇ ರಥವಿದೆ.

ನಕಲು ನಡೆಯುವ ಬಗೆ ಸರಳವಾದದ್ದು. ಕುಶಲಕರ್ಮಿಯಿಂದ ಒಂದೇ ಒಂದು ನಗವನ್ನು ಪೂರ್ಣ ಬೆಲೆ ಕೊಟ್ಟು ಕೊಳ್ಳಲಾಗುತ್ತದೆ. ಸಿಲಿಕೋನ್ ರಬ್ಬರಿನಲ್ಲಿ ಅದರ ಅಚ್ಚು ತೆಗೆದು, ರೆಸಿನ್ ಸುರಿದು, ಬಣ್ಣ ಬಳಿದರೆ ಮಾಲು ಸಿದ್ಧ. ಕೆತ್ತುವಾಗ ಉಳಿ ಜಾರಿದ ಗುರುತು ಸಹ ಅಚ್ಚಿನಲ್ಲಿ ಹಾಗೆಯೇ ಮೂಡಿರುತ್ತದೆ.

ಇದರ ಅರ್ಥವನ್ನು ಲೆಕ್ಕದಲ್ಲಿ ನೋಡುವುದು ಉತ್ತಮ. ಒಂದು ಗದೆಯ ಮೊದಲ ಮಾದರಿಗೆ 20 ದಿನ ಹಿಡಿಯಿತು, ದಿನಗೂಲಿ ರೂ. 700 ಎಂದು ಭಾವಿಸಿದರೆ ಮಾದರಿಯ ವೆಚ್ಚ ರೂ. 14,000. ಅಂತಹ 20 ಗದೆಗಳು ಮಾರಾಟವಾದರೆ ಪ್ರತಿ ಗದೆಯ ಮೇಲೆ ರೂ. 700 ಬೀಳುತ್ತದೆ. ಸಾಮಗ್ರಿಗೆ ರೂ. 600, ಮೂರು ದಿನದ ಕೆಲಸಕ್ಕೆ ರೂ. 2,100 ಸೇರಿ ಅಸಲು ರೂ. 3,400 ಆಗುತ್ತದೆ. ಮಾರುವ ಬೆಲೆ ರೂ. 4,000. ನಕಲು ಮಾಡುವವರಿಗೆ ಒಂದು ಗದೆಯ ಖರೀದಿ ರೂ. 4,000, ಅಚ್ಚಿನ ಖರ್ಚು ರೂ. 3,000, 200 ನಗಗಳ ಮೇಲೆ ಹಂಚಿದರೆ ತಲಾ ರೂ. 35. ರೆಸಿನ್ ಮತ್ತು ಬಣ್ಣಕ್ಕೆ ರೂ. 500, ಅರ್ಧ ದಿನದ ಕೂಲಿ ರೂ. 350 ಸೇರಿಸಿದರೂ ಅಸಲು ರೂ. 885 ಮೀರುವುದಿಲ್ಲ.

ಎರಡರ ನಡುವಿನ ಅಂತರ ರೂ. 2,515. ಇದಿಷ್ಟೂ ಕಳವು ಎಂದು ಕೂಗುವುದು ನ್ಯಾಯವಲ್ಲ. ರೆಸಿನ್ ಬಳಸುವುದು, ಕೆತ್ತುವ ಬದಲು ಎರಕ ಹೊಯ್ಯುವುದು ಅಪರಾಧವಲ್ಲ. ಅದು ವ್ಯಾಪಾರದ ಸಹಜ ಪೈಪೋಟಿ. ರೂ. 700 ಇದ್ದಲ್ಲಿ ರೂ. 35 ಆದದ್ದು ಮಾತ್ರ ಬೇರೆಯವರ ದುಡಿಮೆಯನ್ನು ಕೇಳದೆ ಎತ್ತಿಕೊಂಡದ್ದು. ಕೇವಲ ರೂ. 665 ಎನಿಸಬಹುದು. ಆದರೆ ಆ ಮೊತ್ತ ಕೈಗೆ ಬಾರದಿದ್ದರೆ ಮುಂದಿನ ಹೊಸ ಮಾದರಿಗೆ 20 ದಿನ ಕೂರುವವರು ಯಾರೂ ಇರುವುದಿಲ್ಲ. ಆಗ ನಕಲು ಮಾಡುವವರಿಗೂ ಅಚ್ಚು ತೆಗೆಯಲು ಏನೂ ಉಳಿಯದು.

ಇದಕ್ಕೆ ಅಂಗಡಿಗಳಲ್ಲಿ ಸಿಗುವ ಉತ್ತರ ಒಂದೇ: "ಭೀಮನ ಗದೆ ಯಾರಪ್ಪನ ಸ್ವತ್ತು?" ಪ್ರಶ್ನೆ ಒರಟಾದರೂ ಅದರಲ್ಲಿ ಹುರುಳಿದೆ. ಭೀಮನ ಗದೆ, ಹಂಪಿಯ ರಥ, ಕುರುಗೋಡಿನ ದೊಡ್ಡಬಸವೇಶ್ವರ ಯಾರೊಬ್ಬರ ಸ್ವತ್ತೂ ಅಲ್ಲ. ಕಲ್ಪನೆಗೆ ಕೃತಿಸ್ವಾಮ್ಯವಿಲ್ಲ, ಅದರ ಅಭಿವ್ಯಕ್ತಿಗೆ ಮಾತ್ರ ಉಂಟು ಎಂಬುದನ್ನು ಸರ್ವೋಚ್ಚ ನ್ಯಾಯಾಲಯ 1978ರಲ್ಲಿಯೇ ಆರ್.ಜಿ. ಆನಂದ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಯಾರು ಬೇಕಾದರೂ ಗದೆ ಮಾಡಬಹುದು. ಆದರೆ ಒಬ್ಬ ಕುಶಲಕರ್ಮಿ ತನ್ನ ಬುದ್ಧಿಯಿಂದ ರೂಪಿಸಿದ ಬಳ್ಳಿ, ಮೊಗ್ಗು, ಅಳತೆಗಳಿರುವ ಆ ನಿರ್ದಿಷ್ಟ ಗದೆಯ ಮೇಲೆಯೇ ಅಚ್ಚು ಒತ್ತುವುದು ಬೇರೆ ಮಾತು. ಬಳ್ಳಾರಿಯ ತೊಗಲುಗೊಂಬೆ ಕಲಾವಿದರಾಗಿದ್ದ ಬೆಳಗಲ್ಲು ವೀರಣ್ಣನವರು (2023ರಲ್ಲಿ ನಿಧನರಾದರು) ಸ್ವಾತಂತ್ರ್ಯ ಹೋರಾಟದ ಕಥೆಯನ್ನು ಗೊಂಬೆಯಾಟಕ್ಕೆ ತಂದರು. ತೊಗಲುಗೊಂಬೆ ಎಂಬ ಪ್ರಕಾರ ನಾಡಿನದು. ಆ ಪ್ರಕಾರದಲ್ಲಿ ಹೊಸದಾಗಿ ಬಿಡಿಸಿದ ಒಂದೊಂದು ಗೊಂಬೆ ಅದನ್ನು ಬಿಡಿಸಿದವರದು. ಪರಂಪರೆಯ ಹೆಸರು ಹೇಳಿ ನಕಲನ್ನು ಸಮರ್ಥಿಸುವವರು ಈ ಎರಡನ್ನೂ ಬೇಕೆಂದೇ ಬೆರೆಸುತ್ತಾರೆ.

ರಂಗಪರಿಕರಗಳ ವಿಷಯದಲ್ಲಿ ನ್ಯಾಯಾಲಯಗಳೂ ತಲೆ ಕೆಡಿಸಿಕೊಂಡಿವೆ. 1977ರಲ್ಲಿ ತೆರೆಕಂಡ 'ಸ್ಟಾರ್ ವಾರ್ಸ್' ಚಲನಚಿತ್ರಕ್ಕೆ ಸೈನಿಕರ ಬಿಳಿ ಶಿರಸ್ತ್ರಾಣಗಳನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡಿಕೊಟ್ಟ ಇಂಗ್ಲೆಂಡಿನ ಆಂಡ್ರ್ಯೂ ಏನ್ಸ್‌ವರ್ತ್, ಬಹಳ ವರ್ಷಗಳ ನಂತರ ಅದೇ ಶಿರಸ್ತ್ರಾಣದ ಪ್ರತಿಕೃತಿಗಳನ್ನು ಮಾರತೊಡಗಿದರು. ನಿರ್ಮಾಣ ಸಂಸ್ಥೆ ಲ್ಯೂಕಾಸ್‌ಫಿಲ್ಮ್ ದಾವೆ ಹೂಡಿತು. 2011ರಲ್ಲಿ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವು, ಆ ಶಿರಸ್ತ್ರಾಣವು ಶಿಲ್ಪವಲ್ಲ, ಚಿತ್ರೀಕರಣದ ಉಪಯೋಗಕ್ಕೆ ಮಾಡಿದ ವಸ್ತು. ಆದ್ದರಿಂದ ಅದಕ್ಕೆ ಶಿಲ್ಪದ ಕೃತಿಸ್ವಾಮ್ಯವಿಲ್ಲ ಎಂದು ತೀರ್ಪು ನೀಡಿತು. ಅಮೆರಿಕದ ಕೃತಿಸ್ವಾಮ್ಯ ಉಲ್ಲಂಘನೆಯ ಬಗ್ಗೆ ಮಾತ್ರ ಇಂಗ್ಲೆಂಡಿನಲ್ಲಿಯೇ ವಿಚಾರಣೆ ನಡೆಸಬಹುದು ಎಂದಿತು. ಅಷ್ಟು ದೊಡ್ಡ ಸಂಸ್ಥೆಯೂ ತನ್ನ ವಸ್ತು ಕಾನೂನಿನ ಯಾವ ಪೆಟ್ಟಿಗೆಗೆ ಸೇರುತ್ತದೆಂಬ ಪ್ರಶ್ನೆಯಲ್ಲಿಯೇ ಮುಗ್ಗರಿಸಿತು.

ಭಾರತದಲ್ಲಿ ಆ ಪ್ರಶ್ನೆಗೆ ಕುಶಲಕರ್ಮಿಯ ಮಟ್ಟಿಗೆ ಉತ್ತರ ಸ್ವಲ್ಪ ಉದಾರವಾಗಿದೆ. 1957ರ ಕೃತಿಸ್ವಾಮ್ಯ ಕಾಯಿದೆಯ 2(ಸಿ) ಪ್ರಕರಣವು ಚಿತ್ರ, ಶಿಲ್ಪಗಳ ಜೊತೆಗೆ ಕಲಾತ್ಮಕ ಕುಶಲ ಕೃತಿಗಳನ್ನೂ ಕಲಾಕೃತಿ ಎಂದೇ ಪರಿಗಣಿಸುತ್ತದೆ. ನೋಂದಣಿ ಕಡ್ಡಾಯವಲ್ಲ. ರಕ್ಷಣೆ ಕರ್ತೃವಿನ ಜೀವಿತಾವಧಿ ಮತ್ತು ನಂತರದ 60 ವರ್ಷಗಳಿಗೆ ಇರುತ್ತದೆ. ತೊಡಕು ಇರುವುದು 15(2)ನೇ ಪ್ರಕರಣದಲ್ಲಿ. ವಿನ್ಯಾಸ ಕಾಯಿದೆಯಡಿ ನೋಂದಾಯಿಸಬಹುದಾಗಿದ್ದ ವಿನ್ಯಾಸವನ್ನು ನೋಂದಾಯಿಸದೆ, ಔದ್ಯಮಿಕ ವಿಧಾನದಲ್ಲಿ 50ಕ್ಕಿಂತ ಹೆಚ್ಚು ನಗಗಳನ್ನು ಮಾಡಿದರೆ ಅದರ ಕೃತಿಸ್ವಾಮ್ಯ ಅಳಿದುಹೋಗುತ್ತದೆ. ಈ ಎಣಿಕೆಗೆ ಬರುವುದು ಕೃತಿಸ್ವಾಮ್ಯದ ಒಡೆಯರು ಅಥವಾ ಅವರ ಪರವಾನಗಿ ಪಡೆದವರು ಮಾಡಿದ ನಗಗಳು ಮಾತ್ರ. ನಕಲುಗಾರರು ಸಾವಿರ ನಗ ಎರಕ ಹೊಯ್ದರೂ ಅದು ಮೂಲ ಕುಶಲಕರ್ಮಿಯ ಲೆಕ್ಕಕ್ಕೆ ಸೇರುವುದಿಲ್ಲ. ಯಾವುದು ಕಲಾಕೃತಿ, ಯಾವುದು ವಿನ್ಯಾಸ ಎಂಬುದನ್ನು ಅಳೆಯುವ ಕ್ರಮವನ್ನು ಸರ್ವೋಚ್ಚ ನ್ಯಾಯಾಲಯ 2025ರ ಏಪ್ರಿಲ್‌ನಲ್ಲಿ ಕ್ರಯೋಗ್ಯಾಸ್ ಪ್ರಕರಣದಲ್ಲಿ ವಿವರಿಸಿದೆ. ಆದರೂ ಪ್ರತಿ ವಸ್ತುವಿನ ವಿಚಾರದಲ್ಲಿ ವಾದಕ್ಕೆ ಅವಕಾಶ ಉಳಿದೇ ಇದೆ.

ಹಾಗಾಗಿ ವರ್ಷಕ್ಕೆ ನಾಲ್ಕೈದು ಕಿರೀಟ ಮಾಡುವವರಿಗೆ ಕೃತಿಸ್ವಾಮ್ಯವೇ ಸಾಕು. ನೂರಾರು ಸ್ಮರಣಿಕೆ ಮಾಡಲಿರುವವರು 2000ದ ವಿನ್ಯಾಸ ಕಾಯಿದೆಯಡಿ ನೋಂದಾಯಿಸುವುದು ಕ್ಷೇಮ. ವ್ಯಕ್ತಿಗಳಿಗೆ ಮತ್ತು ಸಣ್ಣ ಘಟಕಗಳಿಗೆ ಅರ್ಜಿಯ ಶುಲ್ಕ ರೂ. 1,000, ಅವಧಿ 10 ವರ್ಷ, ಮತ್ತೆ 5 ವರ್ಷ ವಿಸ್ತರಿಸಬಹುದು. ಆದರೆ ಅರ್ಜಿ ಹಾಕುವ ಮೊದಲೇ ಮಾಲು ಮಾರಿದ್ದರೆ ಅಥವಾ ಅದರ ಚಿತ್ರ ಪ್ರಕಟಿಸಿದ್ದರೆ ಹೊಸತನ ಹೋಯಿತೆಂದೇ ಅರ್ಥ. ಜಾತ್ರೆಯಲ್ಲಿ ಮಾರಿ, ಗಿರಾಕಿ ಮೆಚ್ಚಿದ ಮೇಲೆ ನೋಂದಾಯಿಸೋಣ ಎಂಬ ಜಾಣತನ ಇಲ್ಲಿ ನಡೆಯದು. ಭೌಗೋಳಿಕ ಸೂಚಿಯ ಬಗ್ಗೆಯೂ ತಪ್ಪು ನಂಬಿಕೆಯಿದೆ. ಕಿನ್ನಾಳದ ಗೊಂಬೆ, ಸಂಡೂರಿನ ಲಂಬಾಣಿ ಕಸೂತಿಗಳಿಗೆ ಆ ಮಾನ್ಯತೆ ಇದೆ. ಅದು ಆ ಹೆಸರನ್ನು ಕಾಯುತ್ತದೆಯೇ ಹೊರತು ಒಬ್ಬರ ಮಾದರಿಯನ್ನು ಇನ್ನೊಬ್ಬರಿಂದ ಕಾಯುವುದಿಲ್ಲ.

ಈ ಪತ್ರಿಕೆಯ ಓದುಗರಿಗೆ ಹೆಚ್ಚು ಹತ್ತಿರದ ವಿಷಯ ಮಾರಾಟಗಾರರ ಹೊಣೆ. "ಮಾಡಿದವರು ಬೇರೆ, ಮಾರುವುದಷ್ಟೇ ನಮ್ಮ ಕೆಲಸ" ಎಂಬ ಮಾತು ಕೃತಿಸ್ವಾಮ್ಯ ಕಾಯಿದೆಯ ಮುಂದೆ ನಿಲ್ಲುವುದಿಲ್ಲ. 51ನೇ ಪ್ರಕರಣದ ಪ್ರಕಾರ ನಕಲನ್ನು ಮಾರುವುದು, ಬಾಡಿಗೆಗೆ ಕೊಡುವುದು, ವ್ಯಾಪಾರಕ್ಕಾಗಿ ಪ್ರದರ್ಶಿಸುವುದು ಎಲ್ಲವೂ ಉಲ್ಲಂಘನೆಯೇ. ಬಾಡಿಗೆ ಎಂಬ ಪದವನ್ನು ವೇಷಭೂಷಣ ಅಂಗಡಿಗಳವರು ವಿಶೇಷವಾಗಿ ಗಮನಿಸಬೇಕು. ತಿಳಿಯದೆ ಮಾರಿದ್ದೆಂದು ರುಜುವಾತುಪಡಿಸಿದರೂ ತಡೆಯಾಜ್ಞೆಯಿಂದಲೂ ಆ ಲಾಭವನ್ನು ಒಪ್ಪಿಸಬೇಕಾದ ಸಂಭವದಿಂದಲೂ ತಪ್ಪಿಸಿಕೊಳ್ಳಲಾಗದು. ತಿಳಿದೂ ಮಾಡಿದ ಉಲ್ಲಂಘನೆಗೆ 63ನೇ ಪ್ರಕರಣದಡಿ ಸಾಮಾನ್ಯವಾಗಿ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ, ರೂ. 50,000ದಿಂದ ರೂ. 2 ಲಕ್ಷದವರೆಗೆ ದಂಡ ಇದೆ. ಇದು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನುರಹಿತ ಅಪರಾಧವೆಂದು 2022ರ ನಿಟ್ ಪ್ರೋ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ದಾವೆಗಾಗಿ ಕುಶಲಕರ್ಮಿ ನಕಲುಗಾರರ ಊರಿಗೆ ಅಲೆಯಬೇಕಾಗಿಲ್ಲ. 62ನೇ ಪ್ರಕರಣದಂತೆ ತಾನು ವಾಸಿಸುವ ಜಿಲ್ಲೆಯ ನ್ಯಾಯಾಲಯದಲ್ಲಿಯೇ ಹೂಡಬಹುದು. ಸಿರುಗುಪ್ಪದವರು ಬಳ್ಳಾರಿಗೆ ಬಂದರಾಯಿತು.

ಇಷ್ಟೆಲ್ಲ ಇದ್ದೂ ಕುಶಲಕರ್ಮಿ ಸೋಲುವುದು ಎಲ್ಲಿ? ಮಾದರಿ ತನ್ನದೇ ಎಂದು ತೋರಿಸುವ ಕಾಗದ ಇಲ್ಲದಿರುವಲ್ಲಿ. ತಾರೀಖು ಹಾಕಿದ ನಕ್ಷೆ, ಮಾಡುವ ಹಂತಗಳ ಛಾಯಾಚಿತ್ರ, ಸಾಮಗ್ರಿ ಕೊಂಡ ರಸೀದಿ, ಮಾದರಿ ಸಂಖ್ಯೆ ನಮೂದಿಸಿದ ಬಿಲ್ಲು, ಎಷ್ಟು ನಗ ಮಾಡಲಾಯಿತೆಂಬ ಪುಸ್ತಕ ಇವೇ ಸಾಕ್ಷ್ಯ. ವಹಿವಾಟು ಸಣ್ಣದೆಂಬ ಕಾರಣಕ್ಕೆ ಜಿಎಸ್‌ಟಿ ನೋಂದಣಿ ಬೇಡವಾಗಿರಬಹುದು. ಬಿಲ್ಲೇ ಬೇಡವೆಂದು ಅದರ ಅರ್ಥವಲ್ಲ. ಬಿಲ್ಲು ಬೇಡವೆಂದು ಒತ್ತಾಯಿಸುವವರು ಎಷ್ಟೋ ಬಾರಿ ಕೊಳ್ಳುವ ವರ್ತಕರೇ ಆಗಿರುತ್ತಾರೆ ಎಂಬುದೂ ಇಲ್ಲಿ ಹೇಳಲೇಬೇಕಾದ ಮಾತು.

ನವೆಂಬರ್ ಒಂದರ ರಾಜ್ಯೋತ್ಸವಕ್ಕೆ ಸ್ಮರಣಿಕೆಗಳ ಬೇಡಿಕೆ ಪಟ್ಟಿ ಸಿದ್ಧವಾಗುವಾಗ, ಮೂಲ ಮಾದರಿ ಯಾರದು ಎಂಬ ಒಂದು ಸಾಲನ್ನು ಖರೀದಿ ಆದೇಶದಲ್ಲಿ ಸೇರಿಸಿ, ಸರಬರಾಜುದಾರರ ಸಹಿ ಪಡೆಯುವುದು ಕಷ್ಟವಲ್ಲ. ಉತ್ತರ ಕೊಡಲಾಗದವರ ಮಾಲು ಅಗ್ಗವಾಗಿರುವುದೇಕೆ ಎಂಬುದು ಮೇಲಿನ ರೂ. 665ರ ಲೆಕ್ಕದಲ್ಲಿದೆ.