ಭತ್ಯೆ ನಿಂತವನು, ಕೆಲಸ ಕಳೆದವನು

ಕೊರೊನಾ ಕಾಲದ ಆರ್ಥಿಕ ಹಿಂಜರಿತವು ಒಂದೇ ಮನೆಯ ಅಣ್ಣತಮ್ಮಂದಿರನ್ನು ಬೇರೆಬೇರೆ ಬಗೆಯಲ್ಲಿ ತಾಗಿತು. 2020ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವು ನೌಕರರ ತುಟ್ಟಿಭತ್ಯೆಯ ಹೆಚ್ಚಳವನ್ನು ತಡೆಹಿಡಿಯಿತು. ನಮ್ಮ ರಾಜ್ಯವೂ ಅದೇ ಹಾದಿ ತುಳಿಯಿತು. 2021ರ ಜುಲೈಯಿಂದ ಕೇಂದ್ರದ ಭತ್ಯೆ ಶೇ. 17ರಿಂದ 28ಕ್ಕೇರಿತಾದರೂ ಹದಿನೆಂಟು ತಿಂಗಳ ಬಾಕಿ ಕೈಸೇರಲಿಲ್ಲ. ಇದು ಸಣ್ಣ ನಷ್ಟವೆಂದು ನಾವು ಹೇಳಲಾರೆವು.

ಆದರೆ ಅಣ್ಣನಿಗೆ ನಿಂತದ್ದು ಹೆಚ್ಚಳ. ಖಾಸಗಿ ಸಂಸ್ಥೆಯಲ್ಲಿದ್ದ ತಮ್ಮನಿಗೆ ನಿಂತದ್ದು ಸಂಬಳವೇ. ಬ್ಯಾಂಕುಗಳು ಆರು ತಿಂಗಳು ಸಾಲದ ಕಂತನ್ನು ಮುಂದೂಡಿದವು, ಬಡ್ಡಿ ಬೆಳೆಯುವುದನ್ನು ನಿಲ್ಲಿಸಲಿಲ್ಲ.

"ಸರ್ಕಾರಿ ನೌಕರಿಯಿಲ್ಲದ ವರ ಬೇಡ" ಎಂದು ತಮ್ಮನನ್ನು ಹಿಂದೆ ಸರಿಸುವವರೂ, "ಅವರಿಗೇನು ಕಷ್ಟ?" ಎಂದು ಅಣ್ಣನನ್ನು ಹಳಿಯುವವರೂ ನಮ್ಮಲ್ಲುಂಟು. ಎರಡೂ ಸಲ್ಲದು. ಬಂಧುಗಳೇ, ಇಂಥ ದಿನಗಳು ಮತ್ತೆ ಬಂದಾಗ ಸಂಬಳ ಬರುತ್ತಿರುವವನು ಕೇಳುವ ಮುನ್ನವೇ ತಮ್ಮನ ಕಂತು ಕಟ್ಟಲಿ. ಕಟ್ಟಿದ್ದನ್ನು ನಾಲ್ವರೆದುರು ಎಣಿಸದಿರಲಿ.