ಬರೆದಿಡಿ, ಡಾಕ್ಟ್ರೇ

ಹರಿಹರ ತಾಲ್ಲೂಕಿನ ಸಾರಥಿಯಂಥ ಊರುಗಳಲ್ಲಿ ಮೂಳೆ ಮುರಿದುಕೊಂಡವರು ದಾವಣಗೆರೆಯ ದಾರಿ ಹಿಡಿಯುತ್ತಾರೆ. ಅಡಿಕೆ ಮರದಿಂದ ಬಿದ್ದವರು, ಹೆದ್ದಾರಿಯಲ್ಲಿ ಲಾರಿ ಬಡಿದವರು, ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಅಜ್ಜಿಯರು. ಅಲ್ಲಿ ಚಿಗಟೇರಿ ಜಿಲ್ಲಾಸ್ಪತ್ರೆಯಿದೆ, ಬಾಪೂಜಿ ಆಸ್ಪತ್ರೆಯಿದೆ, 1965ರಿಂದ ವೈದ್ಯರನ್ನು ತಯಾರು ಮಾಡುತ್ತಿರುವ ಜೆ.ಜೆ.ಎಂ. ಕಾಲೇಜಿದೆ. ನಿಮ್ಮ ಕೈಗುಣ ನಂಬಿ ಬರುವ ಜನ ಇವರು. ಕೈಗುಣದ ಬಗ್ಗೆ ನನ್ನದೇನೂ ತಕರಾರಿಲ್ಲ, ಮೂಳೆ ಡಾಕ್ಟರುಗಳೇ; ಕೈಬರಹದ ಬಗ್ಗೆ ಕೇಳಿಕೊಳ್ಳುವುದಿದೆ.

ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಹೆಂಗಸೊಬ್ಬಳ ತೋಳು ಮುರಿದಿದೆ ಅಂದುಕೊಳ್ಳಿ. ಹಿಂಬದಿಯಿಂದ ಸೀಳಿ, ಸ್ನಾಯು ಸರಿಸಿ, ಪ್ಲೇಟ್ ಕೂರಿಸುತ್ತೀರಿ. ಆ ಪ್ಲೇಟಿನ ಮೇಲೆಯೇ ಅಡ್ಡಲಾಗಿ ಹಾಯುತ್ತದೆ ರೇಡಿಯಲ್ ನರ, ಮಣಿಕಟ್ಟನ್ನೂ ಬೆರಳುಗಳನ್ನೂ ಮೇಲೆತ್ತಿಸುವ ನರ. ಎಷ್ಟನೆಯ ತೂತಿನ ಮೇಲೆ ಹಾಯ್ದಿದೆ ಅನ್ನುವುದು ಆ ಮೇಜಿನ ಸುತ್ತ ನಿಂತ ನಾಲ್ಕು ಜನ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಆಕೆಗಂತೂ ಮೊದಲೇ ಇಲ್ಲ, ಅರಿವಳಿಕೆಯಲ್ಲಿ ಮಲಗಿದ್ದಾಳೆ. 'ಮೇಲಿನಿಂದ ನಾಲ್ಕನೆಯ ತೂತು' ಎಂದು ನೀವು ಬರೆದರೆ, ವರ್ಷಗಳ ಮೇಲೆ ಕೀವು ತುಂಬಿ ಪ್ಲೇಟ್ ತೆಗೆಸಬೇಕಾಗಿ ಬಂದಾಗ, ನೀವು ವರ್ಗವಾಗಿಯೋ ನಿವೃತ್ತರಾಗಿಯೋ ಹೋಗಿದ್ದರೂ, ಇನ್ಯಾವುದೋ ಊರಿನ ಇನ್ಯಾರದೋ ಕೈ ಆ ಜಾಗಕ್ಕೆ ಬಂದು ನಿಧಾನಿಸುತ್ತದೆ. ಬರೆಯದಿದ್ದರೆ ಗಂಟುಗಟ್ಟಿದ ಮಾಂಸದಲ್ಲಿ ನರವನ್ನು ತಡಕಬೇಕು. ಅದು ತುಂಡಾದರೆ ಮಣಿಕಟ್ಟು ಜೋತುಬಿತ್ತು. ಜೋತುಬಿದ್ದ ಕೈ ಭಟ್ಟಿಯ ಜರಡಿ ಹಿಡಿಯುವುದಿಲ್ಲ. ಬರೆದಿಡಿ, ಡಾಕ್ಟ್ರೇ.

ನಿಮಗೆ ಇದೆಲ್ಲ ನಾನು ಹೇಳಿಕೊಡಬೇಕಾದ್ದಲ್ಲ. ಪರೀಕ್ಷೆಯಲ್ಲಿ ನೀವೇ ಬರೆದು ಪಾಸಾದ ಪಾಠ. ಆದರೂ ಎಷ್ಟೋ ಕೇಸ್ ಶೀಟುಗಳಲ್ಲಿ ಇರುವುದೇನು? 'ಎಂದಿನ ಕ್ರಮದಲ್ಲಿ ಮೂಳೆ ಕೂಡಿಸಲಾಯಿತು, ಪದರ ಪದರವಾಗಿ ಹೊಲಿಯಲಾಯಿತು, ರೋಗಿಯನ್ನು ವಾರ್ಡಿಗೆ ಕಳಿಸಲಾಯಿತು.' ಸೊಂಟಕ್ಕೂ ಅದೇ, ಮೊಣಕಾಲಿಗೂ ಅದೇ. ಐದು ಆಪರೇಷನ್ ಮುಗಿಸಿ ಬೆನ್ನು ಸೆಟೆದ ಹೊತ್ತಿನಲ್ಲಿ ಪಿಜಿ ಹುಡುಗನಿಗೆ 'ಓಟಿ ನೋಟ್ಸ್ ಬರ್ದ್‌ಬಿಡಪ್ಪ' ಅನ್ನುತ್ತೀರಿ. ಅರ್ಧದಲ್ಲಿ ಒಳಗೆ ಬಂದ ಅವನು ಕಾಣದ್ದನ್ನೂ ಕಂಡಂತೆ ಬರೆಯುತ್ತಾನೆ. ಕಂಪ್ಯೂಟರ್ ಬಂದ ಕಡೆ ನಿನ್ನೆಯ ಟಿಪ್ಪಣಿಯ ಮೇಲೆ ಇವತ್ತಿನ ಹೆಸರು ಕೂರುತ್ತದೆ, 'ಎಡ' ಅನ್ನುವುದು ಹಾಗೆಯೇ ಉಳಿದು ಬಲಗಾಲಿನವನ ಪಾಲಾಗುತ್ತದೆ. ನಿಮ್ಮ ದಣಿವು ಸುಳ್ಳಲ್ಲ. ಆ ಹಾಳೆಯನ್ನೇ ನೆಚ್ಚಿಕೊಂಡ ಜೀವವೂ ಸುಳ್ಳಲ್ಲ. ಬರೆದಿಡಿ, ಡಾಕ್ಟ್ರೇ.

ಇನ್ನು ಸ್ಟಿಕ್ಕರ್. ಇಂಪ್ಲಾಂಟ್ ಡಬ್ಬಿಯ ಮೇಲೆ ಕಂಪನಿ, ಅಳತೆ, ಲಾಟ್ ನಂಬರ್ ಇರುವ ಬೆರಳಗಲದ ಚೀಟಿ. ಕಿತ್ತು ಅಂಟಿಸಲು ಅರೆ ನಿಮಿಷ ಸಾಕು. ಅದಿಲ್ಲದೆ ಹೋದರೆ ಸ್ಕ್ರೂ ತಲೆಗೆ ಆರು ಮೂಲೆಯ ಡ್ರೈವರ್ ಬೇಕೋ ನಕ್ಷತ್ರದಾಕಾರದ್ದೋ ಎಂಬುದು ಕಾಲು ಕೊಯ್ದ ಮೇಲೆ ತಿಳಿಯುತ್ತದೆ. 2010ರಲ್ಲಿ ಡಿಪ್ಯು ಕಂಪನಿ ತನ್ನ ಎಎಸ್‌ಆರ್ ಸೊಂಟದ ಕೀಲನ್ನು ಜಗತ್ತಿನಾದ್ಯಂತ ಹಿಂದಕ್ಕೆ ಕರೆಸಿಕೊಂಡಿತು. ಲೋಹಕ್ಕೆ ಲೋಹ ಉಜ್ಜಿ ಕೋಬಾಲ್ಟ್, ಕ್ರೋಮಿಯಂ ರಕ್ತಕ್ಕೆ ಸೇರುತ್ತಿತ್ತು. ನಮ್ಮ ದೇಶದಲ್ಲಿ ಸುಮಾರು 4,700 ಆಪರೇಷನ್‌ಗಳಲ್ಲಿ ಅದನ್ನು ಹಾಕಲಾಗಿತ್ತು. ಹುಡುಕಲು ಹೊರಟಾಗ ಹೆಚ್ಚಿನವರ ಗುರುತೇ ಹತ್ತಲಿಲ್ಲ. ಯಾವ ಊರಲ್ಲೋ ಕುಂಟುತ್ತಾ, ವಯಸ್ಸಾಯ್ತಲ್ಲ ಅಂತ ತಮ್ಮನ್ನೇ ಸಮಾಧಾನಪಡಿಸಿಕೊಳ್ಳುತ್ತಾ, ತಮ್ಮ ಸೊಂಟದೊಳಗೆ ಇರುವುದೇನೆಂದು ತಿಳಿಯದೆ ಬದುಕಿದವರು ಅವರಲ್ಲಿ ಎಷ್ಟು ಮಂದಿಯೋ! ಬರೆದಿಡಿ, ಡಾಕ್ಟ್ರೇ, ಅವರ ಪರವಾಗಿ ಮಾತಾಡಲು ಇರುವುದು ಆ ಚೀಟಿಯೊಂದೇ.

ಕಾನೂನು ತನ್ನ ಪಾಡಿಗೆ ಇದೆ. ವೈದ್ಯಕೀಯ ಪರಿಷತ್ತಿನ 2002ರ ನಿಯಮದಂತೆ ಒಳರೋಗಿಯ ದಾಖಲೆಯನ್ನು 3 ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ತೊಡೆಯ ರಾಡ್ ಮೂವತ್ತು ವರ್ಷ ಇರುತ್ತದೆ, ಹಾಳೆಗೆ ಮೂರೇ ವರ್ಷ ಆಯುಸ್ಸು! ಕೇಳುವ ಹಕ್ಕಿದೆ ಎಂಬುದೂ ನಮ್ಮ ಜನಕ್ಕೆ ತಿಳಿಯದು. 'ಡಾಕ್ಟ್ರು ಏನಂದ್ಕೊಂಡಾರೋ' ಅಂತ ಕೌಂಟರಿನ ಮುಂದೆ ನಿಂತು ಸುಮ್ಮನೆ ಬರುತ್ತಾರೆ. ಹಾಗಾಗಿ ಕೇಳುವ ತನಕ ಕಾಯಬೇಡಿ. ಆಪರೇಷನ್ ಮಾಡಿದವರೇ ಅವತ್ತೇ ಬರೆದು, ಓದಿ, ಸಹಿ ಹಾಕಿ; ಡಿಸ್ಚಾರ್ಜ್ ದಿನ ಸ್ಟಿಕ್ಕರ್ ಸಮೇತ ಒಂದು ಜೆರಾಕ್ಸ್ ಅವರ ಕೈಗಿಟ್ಟು, ರೇಷನ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ ಅಂತ ಹೇಳಿ ಕಳಿಸಿ.